ಎರಡೂ ಮನೆಗೆ ಬಂದ ಅಕ್ಕೋರು

ಹಿಂದಿನ ದಿನ ಏನೂ ಆಗಲಿಲ್ಲ. ದಿನದಂಥ ದಿನ. ನಮ್ಮ ಮನೆಯವರು ಶ್ರೀಶೈಲಪ್ಪ ಮುಂಜಾನೆ ಹೊಲಕ್ಕೆ ಹೋಗಿ ನಿಂಬೆಗಿಡಗಳ ಬುಡ ಸರಿಮಾಡಿ ಬಂದರು. ಮಧ್ಯಾಹ್ನ ಉಣ್ಣುವಾಗ ಝುಣಕದಲ್ಲಿ ಉಪ್ಪಿಲ್ಲ ಎಂದರು.

"ಉಪ್ಪಿನ ಡಬ್ಬಿ ನಿಮ್ಮ ಮಗ್ಗಲದಾಗ ಐತಿ" ಎಂದೆ.

ತೆಗೆದು ಹಾಕಿಕೊಂಡರು. ಮತ್ತೊಂದು ರೊಟ್ಟಿ ತಿಂದರು. ಅಷ್ಟೇ ಜಗಳ.

ಸಂಜೆ ಎದುರು ಮನೆಯ ಪರಶು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ಇಬ್ಬರೂ ತಂಬಾಕು ತಿಕ್ಕಿದರು. ಪರಶುವಿನ ಹೊಲ ನಮ್ಮ ಹೊಲದ ಆಚೆಗೆ. ಅವನ ಗಾಡಿ ನಮ್ಮ ಗಿಡಗಳ ನಡುವಿನ ದಾರಿಯಿಂದಲೇ ಹೋಗಬೇಕು.

"ಕಾಕಾ, ನಾಳಿ ಟ್ರ್ಯಾಕ್ಟರ್ ತರ್ತೇನಿ. ತೊಗರಿ ರಾಶಿ ಐತಿ."

"ತಾರೋ. ಗಿಡದ ಟೊಂಗಿ ಮುರದೀ ಅಂದ್ರ ನೋಡು."

"ನಿಮ್ಮ ಗಿಡ ದಾರ್ಯಾಗ ಬೆಳದ್ರ ನಾ ಏನ್ ಮಾಡ್ಲಿ? ಅದಕ್ಕ ಬಾಜೂಕ ಸರಿ ಅಂತ ಹೇಳ್ರಿ."

ಇಬ್ಬರೂ ನಕ್ಕರು. ನಾನು ಚಹಾ ಕೊಟ್ಟೆ.

ಮರುದಿನ ಟ್ರ್ಯಾಕ್ಟರ್ ಬಂತು. ಕಾಯಿ ಹಿಡಿದ ಟೊಂಗೆಗಳು ಮುರಿದವು. ನಮ್ಮವರು ಟ್ರ್ಯಾಕ್ಟರಿನ ಮುಂದೆ ನಿಂತರು. ಮಾತಿಗೆ ಮಾತು ಹತ್ತಿತು. ತಾಯಿಯ ಹೆಸರು ಬಂತು. ಪರಶು ಸಲಿಕೆ ಎತ್ತಿ ಹೊಡೆದ. ಒಂದೇ ಏಟು. ತಲೆಗೆ ಬಿತ್ತು. ಬಿಜಾಪುರದ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಹೆಣ ಬಂತು. ಪರಶು ಏಟು ಹಾಕಿದ ದಿನವೇ ಸ್ಟೇಷನ್ನಿಗೆ ತಾನಾಗಿ ಹೋಗಿ ಕುಳಿತಿದ್ದ.

ನಮ್ಮೂರು ಇಂಡಿ ತಾಲೂಕಿನದು, ಝಳಕಿಯ ಕಡೆಗೆ. ನಮ್ಮ ಓಣಿಯಲ್ಲಿ ಹೆಣ ಬಿದ್ದ ಮನೆಗೂ ಹೊಡೆದವರ ಮನೆಗೂ ನಡುವೆ ನೀರು ಬಂದ್. ಯಾರೂ ಸಭೆ ಕೂಡಿಸಿ ಹೇಳುವುದಿಲ್ಲ. ತಾನೇ ಆಗುತ್ತದೆ. ಆ ಮನೆಯಲ್ಲಿ ನೀರು ಕುಡಿದವರು ಈ ಮನೆಯಲ್ಲಿ ಕುಡಿಯುವುದಿಲ್ಲ. ಬಂದವರ ಮುಂದೆ ತಂಬಿಗೆ ಇಟ್ಟರೆ ಸಾಕು, ಯಾರು ಯಾವ ಕಡೆ ಎಂದು ತಿಳಿಯುತ್ತದೆ. ನೆಂಟರೂ ಹಾಗೇ ಹಂಚಿಹೋದರು. ಹೆಚ್ಚಿನವರು ನಮ್ಮ ಕಡೆಗೆ ಬಂದರು. ಪರಶುವಿನ ಹೆಂಡತಿ ಜಯಮಾಲಾ ಒಬ್ಬಳೇ ಉಳಿದಳು. ಅವಳಿಗೆ ಮಕ್ಕಳಿಲ್ಲ. ಕೂಲಿಗೆ ಕರೆಯುವವರೂ ಇಲ್ಲದಾದರು. ಆಗಲಿ ಎಂದುಕೊಂಡೆ.

ಇಷ್ಟು ಹೇಳಿದ್ದು ಜಾನಕಿಬಾಯಿಯವರ ಸಲುವಾಗಿ. ನಾನು ನಾಲ್ಕನೆಯ ಇಯತ್ತೆ ಕಲಿತವಳು. ಅವರ ಬಗ್ಗೆ ಯಾರಾದರೂ ಬರೆಯಬೇಕು, ಬೇರೆ ಯಾರೂ ಬರೆಯುವಂತೆ ಕಾಣಲಿಲ್ಲ. ಅದಕ್ಕೆ ಕುಳಿತಿದ್ದೇನೆ.

ಅವರು ಸಿಂದಗಿಯವರು. ದೇವರ ಹಿಪ್ಪರಗಿಯ ಸಾಲೆಯಲ್ಲಿ ಅಕ್ಕೋರಾಗಿದ್ದು ಪೆನ್ಶನ್ ಆದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಬಸ್ಸಿನಲ್ಲಿ ಎರಡೂ. ಕಂಡಕ್ಟರ್ ಚಿಲ್ಲರೆ ಇಲ್ಲ ಎಂದರೆ ಅವನ ಸಾಲೆ ಯಾವುದು, ಅಲ್ಲಿ ಗಣಿತ ಯಾರು ಕಲಿಸಿದರು ಎಂದು ಕೇಳುತ್ತಾರೆ. ಕಾನೂನು ಸೇವೆಯ ಕಮಿಟಿಯವರ ಕಡೆಯಿಂದ ಊರೂರು ತಿರುಗುವುದು ಅವರ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಕೊಲೆ, ಬಡಿದಾಟ, ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ್ದು ಆಯಿತೋ ಅಲ್ಲಿಗೆ ಬಸ್ಸು ಹತ್ತುತ್ತಾರೆ.

ನಮ್ಮ ಮನೆಗೆ ಬಂದದ್ದು ನಮ್ಮವರ ದಿನದ ಕಾರ್ಯ ಮುಗಿದ ಮೇಲೆ. ಕೊಡೆ ಗೋಡೆಗೆ ಆನಿಸಿ, ಕಟ್ಟೆಯ ಮೇಲೆ ಕುಳಿತು, ಮೊಣಕಾಲು ಒತ್ತಿಕೊಂಡರು.

"ಮೊದಲ ನೀರು ಕೊಡವಾ. ಆಮ್ಯಾಲೆ ಮಾತು."

ತಂಬಿಗೆ ತಂದುಕೊಟ್ಟೆ. ಎತ್ತಿ ಗಟಗಟ ಕುಡಿದರು. ಅವರ ಮನೆತನದವರು ನಮ್ಮಲ್ಲಿ ನೀರು ಕುಡಿಯುವುದಿಲ್ಲ ಎಂದು ಕೇಳಿದ್ದೆ. ಅವರನ್ನೇ ಕೇಳಿಯೂ ಬಿಟ್ಟೆ.

"ಮಡಿ ಮನ್ಯಾಗ ಇಟ್ಟು ಬಂದೇನಿ" ಎಂದರು. "ಬಸ್ಸಿನ್ಯಾಗ ಹೊತ್ತುಕೊಂಡು ಬಂದ್ರ ಕಂಡಕ್ಟರ್ ಲಗೇಜ್ ತಗೋತಾನ."

ಗಂಡ ಸತ್ತ ಮೇಲೆ ನನಗೆ ನಗೆ ಬಂದದ್ದು ಅದೇ ಮೊದಲು. ಸಿಟ್ಟೂ ಬಂತು.

"ಇನ್ನೊಂದು ಹೇಳ್ತೇನಿ" ಎಂದರು. "ನಾ ಎದುರಿನ ಮನಿಗೂ ಹೋಗಾಕಿ. ಈಗ ಹೇಳ್ತೇನಿ, ಆಮ್ಯಾಲೆ ತಿಳದು ಎದಿ ಬಡ್ಕೋಬ್ಯಾಡ."

"ಆ ಮನ್ಯಾಗ ನಿಮಗೇನ್ ಕೆಲಸರೀ?"

"ನನ್ನ ಸಾಲ್ಯಾಗ ಇಬ್ಬರು ಹುಡುಗೂರು ಒಂದು ಪಾಟಿ ಹಂಚಿಕೊಂಡು ಬರೀತಿದ್ರು. ದೊಡ್ಡವರಾದ ಮ್ಯಾಲೆ ಒಬ್ಬ ಇನ್ನೊಬ್ಬನ್ನ ಹೊಡದು ಹಾಕಿದ. ಇಬ್ಬರ ಕಿವೀನೂ ನಾನು ಹಿಂಡಿದ್ದೆ. ಯಾರ ಮನಿಗೆ ಹೋಗಲಿ? ಎರಡೂ ಮನಿಗೆ ಹೋದೆ. ಎರಡೂ ಮನ್ಯಾಗ ಬೈದ್ರು. ಅಲ್ಲಿಂದ ಇದು ಸುರು ಆತು."

ನಾನು ಬೈಯಲಿಲ್ಲ. ನಮ್ಮಲ್ಲಿ ನೀರು ಕುಡಿದಿದ್ದರಲ್ಲ. ಅಲ್ಲಿ ಹೋಗಿ ಕುಳಿತರೂ ನೀರು ಮುಟ್ಟಲಿಕ್ಕಿಲ್ಲ ಎಂದು ನಾನೇ ಲೆಕ್ಕ ಹಾಕಿದೆ. ಆ ಮನೆಯಲ್ಲಿ ಕುಡಿದಿರೇನು ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿಲ್ಲ.

ಇಂಡಿಯ ಕೋರ್ಟಿಗೆ ಅವರೇ ಕರೆದುಕೊಂಡು ಹೋದರು. ಯಾವ ಮೆಟ್ಟಿಲು, ಯಾವ ಬೆಂಚು, ಹೆಸರು ಕೂಗಿದರೆ ಎಲ್ಲಿ ನಿಲ್ಲಬೇಕು, ಎಲ್ಲ ಮುಂಚಿನ ದಿನವೇ ತೋರಿಸಿದರು. ಪರಿಹಾರಕ್ಕೆ ಅರ್ಜಿ ಹಾಕಿಸಿದರು. ಆ ಕಡೆಯ ವಕೀಲ ಜೋರು ಮಾಡಿದರೆ ಏನು ಮಾಡಲಿ ಎಂದು ಕೇಳಿದೆ.

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಸಾಲ್ಯಾಗ ಹುಡುಗೂರು ಗೊತ್ತಿಲ್ಲಂದ್ರ ನಾ ಬೈತಿದ್ದೆ. ಕೋರ್ಟಿನ್ಯಾಗ ಯಾರೂ ಬೈಯೂದಿಲ್ಲ."

ಪರಶುವಿಗೆ ಶಿಕ್ಷೆ ಆಯಿತು. ಬೇಕೆಂದು ಕೊಂದದ್ದಲ್ಲ ಎಂದು ಜೀವಾವಧಿ ಜನ್ಮಠೇಪ ಹಾಕಲಿಲ್ಲ, ಕೆಲವು ವರ್ಷ ಹಾಕಿದರು. ನನ್ನ ಮಗ ಅನೀಲಕುಮಾರ ಕೋರ್ಟಿನ ಗೇಟಿನಲ್ಲಿ ನಿಂತು, ಹೊರಗೆ ಬರಲಿ, ಉಳಿದದ್ದು ನಾನು ಹಾಕುತ್ತೇನೆ ಎಂದ. ಅವನು ಪಿಕಪ್ ಗಾಡಿ ಓಡಿಸುತ್ತಾನೆ, ನಿಂಬೆಹಣ್ಣು ಸಾಗಿಸುತ್ತಾನೆ. ಮಾತು ಕಡಿಮೆ. ಆಡಿದ್ದನ್ನು ಮಾಡುವವನು. ಗಂಡನನ್ನು ಕಳೆದುಕೊಂಡೆ, ಮಗನೂ ಆ ಜೈಲಿಗೇ ಹೋಗುತ್ತಾನೆ ಎಂಬ ಹೆದರಿಕೆ ಅಂದೇ ಹೊಕ್ಕಿತು.

ಆಮೇಲೆಯೂ ಜಾನಕಿಬಾಯಿ ಬರುತ್ತಿದ್ದರು. ಪ್ರತಿ ಸಲ ಮೊದಲು ನೀರು. ಒಂದು ದಿನ ಅವರು ಎದುರು ಮನೆಯಿಂದ ಹೊರಬಿದ್ದು ನೆಟ್ಟಗೆ ನಮ್ಮ ಮನೆಗೆ ಬಂದರು. ತಂಬಿಗೆ ಇಟ್ಟೆ. ಕೈ ಅಡ್ಡ ಹಿಡಿದರು.

"ಇವತ್ತು ಬ್ಯಾಡವಾ. ಏಕಾದಶಿ."

ನಾನು ಅವರ ಮುಖ ನೋಡಿದೆ. ಏಕಾದಶಿ ನಮಗೇನು ಗೊತ್ತಿಲ್ಲವೇ? ನಮ್ಮೂರಿನಿಂದ ಪಂಢರಪುರಕ್ಕೆ ನಡೆದು ಹೋಗುವವರಿದ್ದಾರೆ. ಏಕಾದಶಿ ಎಂದರೆ ಸಾಬೂದಾಣಿ, ಶೇಂಗಾ, ಬಾಳೆಹಣ್ಣು, ಮೇಲೆ ಎರಡು ಕಪ್ಪು ಚಹಾ. ಉಪವಾಸದ ದಿನವೇ ಜಾಸ್ತಿ ತಿನ್ನುತ್ತಾರೆ. ನೀರು ಬೇಡ ಎಂದವರನ್ನು ನಾನು ಕಂಡಿಲ್ಲ. ಅಲ್ಲಿ ಕುಡಿದು ಬಂದಿದ್ದಾರೆ, ಇಲ್ಲಿ ದೇವರ ಹೆಸರು ಹೇಳುತ್ತಾರೆ ಎಂದು ತಿಳಿದುಕೊಂಡೆ. ತಂಬಿಗೆಯ ನೀರು ಅವರ ಎದುರಿಗೇ ತುಳಸಿಗೆ ಸುರಿದೆ. ಅವರು ತುಳಸಿಗೆ ಹಾಕಿದ್ದು ಚಲೋ ಆತು ಎಂದರು. ನನಗೆ ಮತ್ತೂ ಉರಿಯಿತು.

ಮುಂದಿನ ಸಲ ಕೊಡೆ ಕಂಡಕೂಡಲೇ ಬಾಗಿಲು ಹಾಕಿಕೊಂಡೆ. ಅವರು ಬಡಿದರು. ಒಳಗಿದ್ದೂ ಸುಮ್ಮನಿದ್ದೆ. ಹೋದರು. ಇನ್ನೊಮ್ಮೆ ಬಂದರು, ಮತ್ತೆ ಹಾಗೇ ಮಾಡಿದೆ. ಆಮೇಲೆ ಬರುವುದು ನಿಂತಿತು.

ಆ ಸುಗ್ಗಿಯಲ್ಲೇ ಪೊಲೀಸ್ ಪೇದೆ ಬಂದ. ಜಯಮಾಲಾಳಿಗೆ ಗರ್ಭಚೀಲದ ಆಪರೇಶನ್ ಆಗಬೇಕಂತೆ. ನೋಡಿಕೊಳ್ಳುವವರು ಯಾರೂ ಇಲ್ಲ, ಪರಶು ಪೆರೋಲ್ ಕೇಳಿದ್ದಾನಂತೆ. ಬಿಡಬಹುದೋ ಇಲ್ಲವೋ ಎಂದು ಸತ್ತವರ ಮನೆಯವರನ್ನೂ ಕೇಳುತ್ತಾರೆ. ತಕರಾರು ಇದ್ದರೆ, ಊರಲ್ಲಿ ಗಲಾಟೆ ಆಗುವಂತಿದ್ದರೆ, ಬಿಡುವುದಿಲ್ಲ.

ನಾನು ಬಾಯಿ ತೆರೆಯುವ ಮೊದಲು ಅನೀಲ ಹೇಳಿದ. "ತಕರಾರು ಇಲ್ರಿ. ಬರ್ಲಿ. ಬಂದಂವ ಹೊಳ್ಳಿ ಹೋಗಂಗಿಲ್ಲ."

ಪೇದೆ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ತಮ್ಮಾ, ಈ ಕಿವಿಗೆ ಸ್ವಲ್ಪ ಕೇಳ್ಸಂಗಿಲ್ಲ. ಇನ್ನೊಮ್ಮೆ ಅನಬ್ಯಾಡ." ನನ್ನ ಕಡೆ ತಿರುಗಿ, "ಯವ್ವಾ, ನೀ ವಿಚಾರ ಮಾಡಿಟ್ಟಿರು. ಮುಂದಿನ ವಾರ ಬರ್ತೇನಿ" ಎಂದು ಹೋದ.

ತಕರಾರು ಇದೆ ಎಂದುಬಿಟ್ಟರೆ ಮುಗಿಯಿತು. ಪರಶು ಬರುವುದಿಲ್ಲ, ಅನೀಲ ಉಳಿಯುತ್ತಾನೆ. ಜಯಮಾಲಾಳ ಕಥೆ ಅವಳಿಗಿರಲಿ. ಹಾಗೇ ಹೇಳುವುದೆಂದು ಗಟ್ಟಿ ಮಾಡಿಕೊಂಡೆ.

ಮೂರು ದಿನದ ಮೇಲೆ ಗಿರಣಿಗೆ ಜೋಳ ಬೀಸಿಸಲು ಹೋದೆ. ಗಿರಣಿ ಜಹೀರನದು. ಅವನು ಡಬ್ಬಿಗಳನ್ನು ಬಂದ ಸರತಿಗೆ ಇಡುತ್ತಾನೆ, ಯಾರ ಜಾತಿ ಯಾರ ಜಗಳ ನೋಡುವುದಿಲ್ಲ. ನನ್ನ ಡಬ್ಬಿಯ ಮುಂದೆ ಜಯಮಾಲಾಳ ಡಬ್ಬಿ ಇತ್ತು. ಅವಳು ಚೀಲಗಳ ಮೇಲೆ ಕುಳಿತಿದ್ದಳು. ಮುಖ ಬೂದಿಯಂತಿತ್ತು, ತುಟಿಯಲ್ಲಿ ರಕ್ತ ಇರಲಿಲ್ಲ. ಹಿಟ್ಟು ಬಂದ ಮೇಲೆ ಡಬ್ಬಿ ಎತ್ತಲು ಎದ್ದವಳು ಗೋಡೆ ಹಿಡಿದು ಕೆಳಗೆ ಜಾರಿದಳು. ಜಹೀರ ಪಟ್ಟಾ ಬಂದ್ ಮಾಡಿದ. ಗಿರಣಿ ಒಮ್ಮೆಲೆ ಸುಮ್ಮನಾಯಿತು.

ಮಾತಾಡಬಾರದೆಂದಿದ್ದೆ. ಬಾಯಿಂದ ಬಂದುಬಿಟ್ಟಿತು. "ಇಷ್ಟ ಆಗೂ ತನಕಾ ಏನ್ ಮಾಡ್ತಿದ್ದಿ? ನಿಮ್ಮ ಅಕ್ಕೋರಿಗೆ ಹೇಳಬಾರದೇನು?"

ಅವಳು ತಲೆ ಎತ್ತಿದಳು. "ಯಾವ ಅಕ್ಕೋರು, ಕಾಕು? ಅವ್ರು ನಿಮ್ಮ ಕಡೆ ಆದ್ರಲ್ಲ."

"ನಮ್ಮ ಕಡೆ?"

"ಆ ದಿನ ನಮ್ಮ ಮನ್ಯಾಗ ನೀರು ಬ್ಯಾಡ ಅಂದ್ರು. ದಿನಾ ಕುಡಿಯವ್ರು. ಏಕಾದಶಿ ಅಂತ ಸುಳ್ಳ ಹೇಳಿದ್ರು. ಅಲ್ಲಿಂದ ಎದ್ದು ನಿಮ್ಮ ಮನಿಗೆ ಹ್ವಾದ್ರು. ನಾ ಏನ್ ಕುರುಡಿ ಏನು? ಮುಂದ ಬಂದಾಗ ಬಾಗಿಲಾ ತಗೀಲಿಲ್ಲ."

ನಾನೂ ಅವಳ ಎದುರಿಗೆ ಚೀಲದ ಮೇಲೆ ಕುಳಿತೆ.

"ನೀನೂ ತಗೀಲಿಲ್ಲೇನು?" ಎಂದೆ.

ಜಹೀರ ಹಿಟ್ಟು ಮೆತ್ತಿದ ಮೀಸೆಯೊಳಗೆ ನಗುತ್ತಿದ್ದ. "ಆ ದಿನ ಇಲ್ಲೂ ಬಂದಿದ್ರು. ಚಾ ಬ್ಯಾಡ ಅಂದ್ರು. ನಾ ಏನ್ ಗಿರಣಿ ಬಂದ್ ಮಾಡಿದ್ನೇನ್ರಿ? ಅವರ ಮನಿ ಏಕಾದಶಿ ಅಂದ್ರ ನಮ್ಮ ರೋಜಾ ಇದ್ದಂಗ, ಕಾಕು. ಉಗುಳ ಸೈತ ಎಣಿಸಿ ನುಂಗ್ತಾರ. ನಿಮ್ಮ ಸಾಬೂದಾಣಿ ಏಕಾದಶಿ ಅಲ್ಲ ಅದು."

"ನಿನಗ ಯಾರ ಹೇಳಿದ್ರು?"

"ಕೇಳಿದೆ. ಬಾಯಿ ಐತಿ."

ಅವಳ ಡಬ್ಬಿ ಜಹೀರನೇ ಹೊತ್ತುಕೊಂಡು ಹೋಗಿ ಅವಳ ಮನೆಗೆ ಇಟ್ಟು ಬಂದ. ನಾನು ನನ್ನದನ್ನು ಹೊತ್ತುಕೊಂಡು ಬಂದೆ. ಜಯಮಾಲಾಳ ಮೇಲೆ ನನಗೆ ಕರುಣೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಒಂದು ತಿಳಿಯಿತು. ಆ ಮುದುಕಿ ಎರಡೂ ಬಾಗಿಲು ಬಡಿದು, ಎರಡೂ ಕಡೆ ತೆಗೆಸಿಕೊಳ್ಳದೆ, ಬಿಸಿಲಲ್ಲಿ ಮೊಣಕಾಲು ಎಳೆಯುತ್ತ ತಿರುಗಿ ಹೋಗಿದ್ದರು. ಎರಡೂ ಮನೆಯಲ್ಲಿ ನೀರು ಕುಡಿಯುತ್ತಿದ್ದರು. ನಾವಿಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಿರಲಿಲ್ಲ.

ಮರುದಿನ ಸಿಂದಗಿಯ ಬಸ್ಸು ಹತ್ತಿದೆ.

ಮನೆ ಹುಡುಕಲು ಕಷ್ಟವಾಗಲಿಲ್ಲ. ಅವರು ಒಳಗೆ ಕಾಲು ಚಾಚಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ.

"ಬಾ. ನಮ್ಮ ಮನಿ ಬಾಗಿಲಾ ತಗದಽ ಇರ್ತದ" ಎಂದರು. ಅಷ್ಟೇ ಚುಚ್ಚಿದ್ದು. ತಾವೇ ಕೈ ಊರಿ ಎದ್ದು ಒಳಗಿನಿಂದ ತಾಮ್ರದ ಲೋಟದಲ್ಲಿ ನೀರು ತಂದರು. ಕುಡಿದೆ.

ಪೇದೆ ಬಂದದ್ದು, ಅನೀಲ ಹೇಳಿದ್ದು, ಗಿರಣಿಯಲ್ಲಿ ಆದದ್ದು, ಎಲ್ಲ ಹೇಳಿದೆ. "ನೀವು ನನಗ ಮಾಫ್ ಮಾಡು ಅಂತ ಹೇಳಾವರ ಇದ್ರ ನಾ ಈಗ ಹೊಳ್ಳಿ ಹೋಗ್ತೇನಿ, ಅಕ್ಕೋರ" ಎಂದೆ.

"ನಾ ಯಾಕ ಹೇಳ್ಲಿ? ನನ್ನ ಗಂಡನ್ನ ಅವ ಹೊಡದಿಲ್ಲ." ಎಣ್ಣೆಯ ಕೈ ಒರೆಸಿಕೊಂಡರು. "ಅವ ಜೈಲಿಂದ ಹೊರಗ ಬರೋದ ನಿನಗ ಬ್ಯಾಡೋ, ಈ ಓಣಿಗೆ ಬರೋದು ಬ್ಯಾಡೋ?"

ನಾನು ಹಾಗೆ ಬಿಡಿಸಿ ನೋಡಿರಲಿಲ್ಲ.

"ಆಪರೇಶನ್ ಆಗೋದು ಬಿಜಾಪುರದಾಗ" ಎಂದರು. "ಅವ ಜೈಲಿಂದ ನೆಟ್ಟಗ ದವಾಖಾನಿಗೆ ಹೋಗ್ಲಿ. ಅಲ್ಲಿಂದ ಇಬ್ಬರೂ ಬಸವನ ಬಾಗೇವಾಡಿಗೆ, ಆಕಿ ಅಣ್ಣನ ಮನಿಗೆ ಹೋಗ್ಲಿ. ಆ ಅಣ್ಣ ನಾಚಿಕಿ ಪಟ್ಟು ಮನಿ ಬಿಟ್ಟು ಹೊರಗ ಬರಂಗಿಲ್ಲ. ಅವನ್ನ ನಾ ನೋಡ್ಕೋತೇನಿ. ನಿಮ್ಮೂರಿಗೆ ಕಾಲಿಡಬಾರದು ಅಂತ ನೀ ಹೇಳು. ಅದು ನಿನ್ನ ಹಕ್ಕು. ಬರೀ ಬ್ಯಾಡ ಅನ್ನೋದೊಂದ ಅಲ್ಲ, ಹೆಂಗ ಬೇಕು ಅನ್ನೋದೂ ಹೇಳಬಹುದು."

"ಅನೀಲ ಬಾಗೇವಾಡಿಗೂ ಹೋಗ್ತಾನ್ರಿ. ಗಾಡಿ ಐತಿ ಅವನ ಕಡೆ."

"ಹೌದಲ್ಲ, ಗಾಡಿ ಅದ. ನನಗ ನಾಡಿದ್ದು ಮುದ್ದೇಬಿಹಾಳಕ್ಕ ಹೋಗೋದದ. ಬಾಡಿಗಿಗೆ ಬಾ ಅಂತ ಹೇಳು. ಮುಂದಿನ ಸೀಟು ನನಗ. ಮೊಣಕಾಲು ಮಡಚ್ಲಿಕ್ಕೆ ಆಗೂದಿಲ್ಲ."

ಅನೀಲ ಒಲ್ಲೆ ಎಂದ. ಬಾಡಿಗೆ ಬಿಡುತ್ತೀಯೇನು ಎಂದೆ. ಗೊಣಗುತ್ತ ಹೋದ. ಹೋದಾಗ ಮುಂಜಾನೆ. ಬಂದಾಗ ದೀಪ ಹಚ್ಚಿದ್ದೆ. ಕೈಕಾಲು ತೊಳೆದು ತಾಟಿನ ಮುಂದೆ ಕುಳಿತ. ರೊಟ್ಟಿ ಹಾಕಿದೆ.

"ಮಾಳಿಂಗಪ್ಪ ಅಂತ ಒಬ್ಬನ ಮನಿಗೆ ಒಯ್ದಿದ್ರು" ಎಂದ. "ತನ್ನ ಅಣ್ಣನ್ನ ಕೊಂದಂವನ್ನ ಅಂವ ಹೊಡದ ಹಾಕಿದ್ನಂತ. ಜೈಲು ಮುಗಿಸಿ ಬಂದಾನ."

"ಏನಂದ?"

"ಏನೂ ಅನ್ಲಿಲ್ಲ. ಅಕ್ಕೋರು ಅವನ ಪಿಂಚಣಿ ಕಾಗದ ನೋಡಿದ್ರು. ಉಂಡಿವಿ." ರೊಟ್ಟಿ ಮುರಿದು ಕೈಯಲ್ಲೇ ಹಿಡಿದ. "ಹೊರಗಿಂದ ಬಂದು ತನ್ನ ಮನಿ ಬಾಗಿಲದಾಗ ನಿಲ್ತಾನ ಯವ್ವ. ಒಳಗ ಹೋಗಂಗಿಲ್ಲ, ಜೈಲಿನ ರೂಢಿ. ಹೋಗು ಅಂತ ಯಾರರ ಅಂದ್ರ ಹೋಗ್ತಾನ. ಅವನ ಮೊಮ್ಮಗಳು, ಇಷ್ಟಕ್ಕ ಐತಿ, ಅದು ಅಂತೈತಿ, ಹೋಗೋ ಮುತ್ಯಾ ಅಂತ. ಆಗ ಹ್ವಾದ."

"ಅಕ್ಕೋರು ನಿನಗ ಏನರ ಬುದ್ಧಿ ಹೇಳಿದ್ರೇನು?"

"ಎಲ್ಲಿದು. ಹೋಗಾಗ ಮಲಗಿದ್ರು. ಬರಾಗ ಆಲಮಟ್ಟಿ ಮೀನಿನ ವಾಸನಿ ಬರ್ತೈತಿ ನಿನ್ನ ಗಾಡ್ಯಾಗ ಅಂತ ಬೈದ್ರು. ನಾ ನಿಂಬಿಹಣ್ಣಷ್ಟ ಹೇರ್ತೇನ್ರಿ ಅಂದ್ರೂ ಕೇಳಲಿಲ್ಲ."

ಅಷ್ಟು ಮಾತು ಅವನು ಆಡಿದ್ದು ಅಪರೂಪ. ಪರಶುವಿನ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೇಳಿದ ದಿನ ಪೇದೆ ಬಂದ. ಅನೀಲ ಗಾಡಿಯ ಗಾಲಿ ಬಿಚ್ಚುತ್ತಿದ್ದ, ಅಂಗಳದಲ್ಲೇ. ಅವನಿಗೆ ಕೇಳುವ ಹಾಗೆಯೇ ಹೇಳಿದೆ.

"ಬರ್ಕೋರಿ. ಅವ ನಮ್ಮೂರಾಗ ಕಾಲಿಡಬಾರ್ದು. ನಮ್ಮ ಹೊಲದ ದಾರಿ ತುಳೀಬಾರ್ದು. ಬಿಜಾಪುರದಾಗ, ಬಾಗೇವಾಡ್ಯಾಗ ಹೇಣ್ತಿ ಕೂಡ ಇರ್ಲಿ. ಅಷ್ಟಕ್ಕ ನನ್ನ ತಕರಾರಿಲ್ಲ. ಮಾಫ್ ಮಾಡೇನಿ ಅಂತ ಬರ್ಕೋಬ್ಯಾಡ್ರಿ. ಮಾಡಿಲ್ಲ."

ಪೇದೆ ಬರೆದುಕೊಂಡ. ಅನೀಲನ ಕಡೆ ನೋಡಿದ. "ನಿಂದೇನೈತಿ ತಮ್ಮಾ?"

ಅನೀಲ ತಲೆ ಎತ್ತಲಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ನಿಂತಿತು.

"ಯವ್ವ ಹೇಳ್ಯಾಳಲ್ರಿ" ಎಂದ. ಗಾಲಿಯ ನಟ್ಟು ತಿರುಗಿಸಿದ.

ಪರಶು ಪೆರೋಲಿನ ಮೇಲೆ ಬಂದ. ಜಯಮಾಲಾಳ ಆಪರೇಶನ್ ಆಯಿತು. ಜಾನಕಿಬಾಯಿ ಬಾಗೇವಾಡಿಗೆ ಹೋಗಿ ಅವಳ ಅಣ್ಣನನ್ನು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಜೈಲಿಗೆ ತಿರುಗಿ ಹೋಗುವ ದಿನದ ತನಕ ಪರಶು ಅಲ್ಲೇ ಇದ್ದ. ಆ ದಿನಗಳಲ್ಲಿ ಅನೀಲನ ಗಾಡಿ ಸದ್ದು ಮಾಡಿದಾಗೆಲ್ಲ ನಾನು ಎದ್ದು ನೋಡುತ್ತಿದ್ದೆ, ಯಾವ ಕಡೆಗೆ ತಿರುಗುತ್ತದೆಂದು. ಒಂದು ಸಲ ಬಾಗೇವಾಡಿಯ ದಾರಿಗೆ ತಿರುಗಿತು. ಆ ದಿನ ನಾನು ಒಲೆ ಹೊತ್ತಿಸಲಿಲ್ಲ. ಹೊತ್ತು ಮುಳುಗುವ ಮೊದಲು ತಿರುಗಿ ಬಂದ. ಬಾಗೇವಾಡಿಯ ಸಂತೆಗೆ ಹಣ್ಣು ಹಾಕಲು ಹೋಗಿದ್ದೆ ಎಂದ. ಖಾಲಿ ಚೀಲ ತೋರಿಸಿದ. ನಂಬಿದೆ. ಅಲ್ಲಿ ಆ ಮನೆಯ ಮುಂದೆ ಗಾಡಿ ನಿಲ್ಲಿಸಿದ್ದನೋ ಇಲ್ಲವೋ ಇಂದಿಗೂ ಕೇಳಿಲ್ಲ.

ಜಯಮಾಲಾ ಊರಿಗೆ ಬಂದಿದ್ದಾಳೆ. ಗಿರಣಿಯಲ್ಲಿ ಸಿಕ್ಕರೆ ಮೈ ಹೆಂಗೈತಿ ಎಂದು ಕೇಳುತ್ತೇನೆ. ಐತ್ರಿ ಎನ್ನುತ್ತಾಳೆ. ಅದಕ್ಕಿಂತ ಮುಂದೆ ಹೋಗಿಲ್ಲ. ಪರಶುವಿನ ಶಿಕ್ಷೆ ಇನ್ನೂ ಉಳಿದಿದೆ. ಮುಗಿದ ಮೇಲೆ ಅವನು ಈ ಓಣಿಗೇ ಬರಬೇಕು, ಅವನ ಮನೆ ಇಲ್ಲಿದೆ. ಆಗ ಏನು ಎಂದು ಜಾನಕಿಬಾಯಿಯವರನ್ನು ಕೇಳಿದೆ. "ಆಗ ನಾ ಬದುಕಿದ್ರ ಎರಡೂ ಮನಿಗೆ ಬರ್ತೇನಿ. ಸತ್ತಿದ್ರ ನೀವು ನೋಡ್ಕೋರಿ" ಎಂದರು. ಈಗ ಅವರಿಗೆ ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಕೊಡಬೇಕು. ಅವನ ಕೈ ಹಿಡಿದೇ ಅವನಿಗೆ ಬೈಯುತ್ತಾರೆ.

ಅನೀಲ ನಸುಕಿನಲ್ಲಿ ಎದ್ದು ಗಾಡಿ ತೆಗೆದುಕೊಂಡು ಹೋಗುತ್ತಾನೆ. ಹಾಸಿಗೆ ಎತ್ತಿಡುವ ರೂಢಿ ಅವನಿಗೆ ಎಂದೂ ಬರಲಿಲ್ಲ, ಅವರಪ್ಪನಿಗೂ ಇರಲಿಲ್ಲ. ಮೊದಲು ಎರಡು ಕೌದಿ ಮಡಚುತ್ತಿದ್ದೆ. ಈಗ ಕಸ ಹೊಡೆಯುವ ಮೊದಲು ಅವನದೊಂದನ್ನು ಅಂಗಳಕ್ಕೆ ಒಯ್ದು ಝಾಡಿಸುತ್ತೇನೆ. ಮಲಗಿದವನ ಬಿಸುಪು ಅದರಲ್ಲಿ ಇನ್ನೂ ಇರುತ್ತದೆ. ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಮೇಲೆ ಇಡುತ್ತೇನೆ.